ಬೇಡ ಎನ್ನಲು ಬಂದವಳಿಗೆ ಚೀನಾ ಟೀ

“ಹಾಲು?”

“ಹಾಕಲ್ಲ.”

“ಸಕ್ಕರೆ?”

“ಅದೂ ಇಲ್ಲ.”

“ಮತ್ತೆ ಇದನ್ನ ಟೀ ಅಂತ ಯಾಕ್ರೀ ಅಂತೀರಾ?”

ತಿಪಟೂರಿನ ಹೊಸ ಟೀ ಲೌಂಜಿನಲ್ಲಿ ಸಿಂಧು ಮತ್ತು ರೇಣುಕಪ್ರಸಾದ್ ಮೊದಲ ಬಾರಿ ಎದುರುಬದುರು ಕೂತು ಆಡಿದ ಪ್ರೇಮಸಲ್ಲಾಪ ಇಷ್ಟೇ!

ಕೂರಿಸಿದ್ದು ಎರಡೂ ಮನೆಯ ಹಿರಿಯರು. ಹುಡುಗ ಅಪ್ಪನ ತೆಂಗಿನ ನಾರು ಮಾರಲು ಚೀನಾಕ್ಕೆ ಹೋಗಿ, ಅವರಿಗೆ ನಾರು ಕೊಟ್ಟು, ಅವರ ಟೀಗೆ ಮನಸ್ಸು ಕೊಟ್ಟು, ಇಲ್ಲಿ ಬಂದು ಈ ಅಂಗಡಿ ತೆರೆದವನು. ಹುಡುಗಿ ಕೊಬ್ಬರಿ ಮಂಡಿ ಪರಮಶಿವಯ್ಯನವರ ಮಗಳು. ಅವಳು ಬಂದಿದ್ದು ಒಂದೇ ಕೆಲಸಕ್ಕೆ... ಈ ಸಂಬಂಧ ಬೇಡ ಎನ್ನಲು.

ಹುಡುಗನಲ್ಲಿ ಐಬಿರಲಿಲ್ಲ. ಅವಳಲ್ಲೇ ಏನೂ ಇರಲಿಲ್ಲ!

ಹೋದ ವರ್ಷ ನಿಶ್ಚಿತಾರ್ಥ ಮುರಿದ ದಿನ, ಉಂಗುರ ವಾಪಸ್ ಕೊಟ್ಟು, ಮಹಡಿಗೆ ಹೋಗಿ ಬಟ್ಟೆ ಒಣಹಾಕಿದ್ದಳು. ಅವತ್ತಿನಿಂದ ಅಳು ಬಂದಿಲ್ಲ, ನಗುವೂ ಬಂದಿಲ್ಲ. ಹಬ್ಬದ ಒಬ್ಬಟ್ಟೂ ಒಂದೇ, ಜ್ವರದ ಗಂಜಿಯೂ ಒಂದೇ.

‘ಕೊಟ್ಟಿದ್ದನ್ನು ಮುಗಿಸಿ ಹೇಳಿಬಿಡೋಣ. ಕುಡಿಯದೆ ಬಿಟ್ಟು ಎದ್ದರೆ ಮರ್ಯಾದೆಯಲ್ಲ...’

ಕುಂಕುಮದ ಭರಣಿಯಷ್ಟು ಪುಟ್ಟ ಕಪ್ಪು. ಜೇನಿನ ಬಣ್ಣ, ಹುರಿದ ರಾಗಿಯ ಘಮ. ಒಂದೇ ಗುಟುಕಿಗೆ ಮುಗಿಸಿದಳು. ಬಾಯಿ ತೆರೆಯುವಷ್ಟರಲ್ಲಿ ಅವನು ಮತ್ತೆ ತುಂಬಿಸಿದ. ಕುಡಿದಳು. ತುಂಬಿಸಿದ. ಕುಡಿದಳು... ತುಂಬಿಸಿದ!

‘ಬಾಯಿ ಬಿಡೋಕೇ ಬಿಡ್ತಿಲ್ಲ. ಬೇಕಂತಲೇ ಮಾಡ್ತಿದ್ದಾನೆ!’ ಸಿಟ್ಟು ಬರಬೇಕಿತ್ತು. ಅದೂ ಬರಲಿಲ್ಲ.

ಅವನೋ, ಹಿಗ್ಗಿ ಹೀರೇಕಾಯಿಯಾಗಿದ್ದ.

ಕೊನೆಗೆ ಅವಳು ಕಪ್ಪಿನ ಮೇಲೆ ಅಂಗೈ ಮುಚ್ಚಿದಳು.

“ಸಾಕು ಕಣ್ರೀ! ಈ ಸಂಬಂಧ ಬ್ಯಾಡ ಅಂತ ಹೇಳೋಕೆ ಬುಡ್ತೀರೋ ಇಲ್ವೋ?”

ಅವನ ಕೈಯ ಮಣ್ಣಿನ ಕೆಟಲ್ ಗಾಳಿಯಲ್ಲೇ ನಿಂತಿತು.

“ಬ್ಯಾಡ್ವಾ? ಮತ್ತೆ ಅಷ್ಟ್ ಚೆನ್ನಾಗ್ ಕುಡಿದ್ರಿ?”

“ನೀವ್ ಹುಯ್ದ್ರಿ, ಕುಡಿದೆ!”

“ನೀವ್ ಖಾಲಿ ಮಾಡಿದ್ರಿ, ಹುಯ್ದೆ! ಚೀನಾದೋರಿಗೆ ಖಾಲಿ ಕಪ್ ಅಂದ್ರೆ ಇನ್ನೂ ಬೇಕು ಅಂತ. ಸಾಕು ಅನ್ನೋರು ತುಂಬಿದ್ದನ್ನ ಹಂಗೇ ಬುಡ್ತಾರೆ.”

“ನಮ್ಮನೇಲಿ ಹಂಗ್ ಬುಟ್ರೆ ಅಜ್ಜಿ ಬೆನ್ ಮುರೀತಾರೆ!”

ಅವನ ಮುಖ ಇಳಿಯಿತು. “ಟೀ ಹಿಡಿಸ್ತು, ಜೊತೇಲಿ ನಾನೂ ಹಿಡಿಸ್ದೆ ಅಂದ್ಕೊಂಡಿದ್ದೆ...”

ಯಾರಿಗೂ ಹೇಳದ ಮಾತು ಸಿಂಧುವಿನ ಬಾಯಿಂದ ಹೊರಬಿತ್ತು.

“ನಿಮ್ದೇನೂ ತಪ್ಪಿಲ್ಲ. ನಂಗೆ ಏನೂ ಅನ್ನಿಸ್ತಿಲ್ಲ. ಯಾರ್ ಮೇಲೂ, ಯಾವುದ್ರ ಮೇಲೂ. ಅಟ್ಟದ ಮೇಲಿನ ಕಾಯಿ ಥರ... ಅಲ್ಲಾಡ್ಸಿದ್ರೆ ಗಡಗಡ ಅಂತೀನಿ, ಒಳಗೆ ಒಂದ್ ತೊಟ್ಟು ನೀರಿಲ್ಲ.”

“ನೀರು ಇಂಗಿದ ಕಾಯಿನ ನಮ್ಮೂರಲ್ಲಿ ಹಾಳಾಯ್ತು ಅಂತಾರಾ? ಕೊಬ್ಬರಿ ಆಯ್ತು ಅಂತಾರೆ.”

“ಟೀ ಮಾರೋರು ಕೊಬ್ಬರಿ ಪಾಠ ಮಾಡ್ಬ್ಯಾಡಿ. ಮಂಡಿಯವರ ಮಗಳು ನಾನು.”

“ಸರಿ ಬುಡಿ.” ಅವನು ಕೆಟಲ್ ಕೆಳಗಿಟ್ಟ. “ನಂಗಂತೂ ಅನ್ನಿಸ್ತಿದೆ. ಇಬ್ರಿಗೂ ಆಗೋವಷ್ಟಿದೆ ಅಂತ ಸುಳ್ಳು ಹೇಳಲ್ಲ. ನನ್ ಪಾಲಿಂದು ಇದೆ.”

ಸಿಂಧುವಿನ ಎದೆಯೇನೂ ಡವಗುಟ್ಟಲಿಲ್ಲ. ಆದರೆ ಎದ್ದು ಹೋಗಬೇಕೆಂದೂ ಅನ್ನಿಸಲಿಲ್ಲ...

“ನನ್ ಪಾಲಿಂದು ತಡ ಆಗ್ಬೋದು.”

“ಆಗ್ಲಿ.”

“ಬರ್ದೇನೂ ಇರ್ಬೋದು.”

“ಬಂದಿಲ್ಲ ಅಂತ ಬಂದ್ ಹೇಳಿ.”

“ದಿನಾ ಬಂದು ‘ಇನ್ನೂ ಇಲ್ಲ’ ಅಂತ ಹೇಳ್ತಾ ಕೂತಿರ್ಲಾ?”

“ಮದ್ವೆ ಆದೋರು ಮಾತ್ರ ದಿನಾ ಇನ್ನೇನ್ ಹೇಳ್ತಾರೆ?”

ಸಿಂಧುವಿನ ತುಟಿಯ ಒಂದು ತುದಿ ಅಲುಗಿತು. ನಗು ಎನ್ನುವಷ್ಟಲ್ಲ. ಆದರೂ ಅವಳಿಗೇ ಗಾಬರಿಯಾಯಿತು!

ಅಷ್ಟರಲ್ಲಿ ಫೋನು. ಅಪ್ಪ.

“ಏನವ್ವ, ಬ್ಯಾಡ ಅಂದ್ಬುಟ್ಯಾ?”

“ಇಲ್ಲ ಅಪ್ಪಾಜಿ... ನಾಳೆನೂ ಬತ್ತೀನಿ ಅಂದೆ.”

ಫೋನಿಟ್ಟಳು. ರೇಣುಕಪ್ರಸಾದ್ ಕಣ್ಣರಳಿಸಿ ನೋಡುತ್ತಿದ್ದ.

“ನಂಗೆ ಯಾವಾಗ್ರೀ ಅಂದ್ರಿ?”

“ಈಗ ಅಂದೆ ಕಣ್ರೀ.”