ನಾಗ್ಯಾನನ್ನು ಮಠಕ್ಕೆ ಬಿಟ್ಟ ದಿನ

"ಅಜ್ಜಾರ, ಆ ಹುಡುಗನ್ನ ಯಾರರ ಒಂದ ಮಾತ ಕೇಳಿದ್ರೇನ್ರಿ?"

ಪುರಾಣ ಹೇಳುತ್ತಿದ್ದ ಅಜ್ಜ ಕನ್ನಡಕ ಏರಿಸಿ ನೋಡಿದರು. ಅನಗೋಳದ ಗುಡಿಯಲ್ಲಿ ಕುಳಿತಿದ್ದ ಹೆಂಗಸರೆಲ್ಲ ಹಿಂತಿರುಗಿ ನೋಡಿದರು. ಐದನೇ ಕ್ಲಾಸಿನ ಕಾಂತಾ ಎದ್ದು ನಿಂತಿದ್ದಳು.

ಅಂದಿನ ಕತೆಯಲ್ಲಿ ಶಿವ ವೇಷ ಮರೆಸಿಕೊಂಡು ಒಬ್ಬ ಭಕ್ತನ ಮನೆಗೆ ಬಂದಿದ್ದ. ನಿನ್ನ ಮಗನನ್ನು ನನಗೆ ಬಲಿ ಕೊಡು ಎಂದಿದ್ದ. ತಂದೆ ತಾಯಿ ಕಣ್ಣೀರು ಕೂಡ ಹಾಕದೆ ಕೊಟ್ಟುಬಿಟ್ಟಿದ್ದರು.

"ಕಡೀಕ ಶಿವ ಹೊಳ್ಳಿ ಜೀವಾ ಕೊಟ್ಟನಲ್ಲವಾ, ತಂಗಿ," ಎಂದರು ಅಜ್ಜ.

"ಹೊಳ್ಳಿ ಕೊಡತಾನಂತ ಅವರಿಗೆ ಮೊದಲ ಗೊತ್ತಿತ್ತೇನ್ರಿ?"

ಅಜ್ಜ ಏನೋ ಹೇಳಬೇಕೆಂದು ಬಾಯಿ ತೆರೆದರು. ಅಷ್ಟರಲ್ಲಿ ಆಯಿ ಕಾಂತಾಳ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದಳು. ಆಯಿ ಅಂದರೆ ಅಪ್ಪನ ತಾಯಿ, ಶಿವಬಸವ್ವ. ಓಣಿಯಲ್ಲಿ ಎಲ್ಲರೂ ಅವಳಿಗೆ ಅಂಜುತ್ತಿದ್ದರು. ಅವಳು ಮಾತ್ರ ಯಾರಿಗೂ ಅಂಜಿದ್ದನ್ನು ಕಾಂತಾ ನೋಡಿರಲಿಲ್ಲ.

"ದೇವರ ಮಾತಿಗೆ ಎದುರ ಮಾತಾಡತಿ? ನಾಲಿಗಿ ಹಿಡತದಾಗ ಇರ್ಲಿ!"

ಕಾಂತಾ ಆ ಪ್ರಶ್ನೆಯನ್ನು ಸುಮ್ಮನೆ ಕೇಳಿರಲಿಲ್ಲ. ಬರುವ ಸೋಮವಾರ ಅವಳ ತಮ್ಮ ನಾಗಲಿಂಗನನ್ನು ಮಠಕ್ಕೆ ಬಿಡುವುದಿತ್ತು.

ನಾಗ್ಯಾ ಎರಡು ವರ್ಷದವನಿದ್ದಾಗ ಅವನಿಗೆ ವಿಪರೀತ ಜ್ವರ ಬಂದಿತ್ತು. ಡಾಕ್ಟರು ಕೈಚೆಲ್ಲಿದ್ದರು. ಆಗ ಆಯಿ ಹರಕೆ ಹೊತ್ತಳು. ಕೂಸು ಉಳಿದರೆ ಪಾರಿಶ್ವಾಡದ ಕಡೆಯ ಒಂದು ಮಠಕ್ಕೆ ಅವನನ್ನು ಮರಿಯಾಗಿ ಕೊಡುತ್ತೇನೆ ಎಂದಳು. ಮರಿ ಅಂದರೆ ಮುಂದೆ ಸ್ವಾಮಿ ಆಗುವ ಹುಡುಗ. ಅವನು ಮಠದಲ್ಲೇ ಬೆಳೆಯಬೇಕು. ಮನೆ ಅವನದಲ್ಲ, ಅವ್ವ ಅಪ್ಪ ಅವನವರಲ್ಲ. ನಾಗ್ಯಾ ಉಳಿದ. ಈಗ ಅವನಿಗೆ ಆರು ತುಂಬಿತ್ತು.

ಭಾನುವಾರ ಅವ್ವ ಶೇಂಗಾ ಹೋಳಿಗೆ ಮಾಡುತ್ತಿದ್ದಳು. ನಾಗ್ಯಾನಿಗೆ ಅದೆಂದರೆ ಪ್ರಾಣ. ಕಾಂತಾ ಒಲೆಯ ಬಾಜು ಕುಳಿತಳು.

"ಅವ್ವಾ, ನೀ ಒಲ್ಲೆ ಅಂದ ಬಿಡ."

ಅವ್ವ ಲಟ್ಟಣಿಗೆ ನಿಲ್ಲಿಸಲಿಲ್ಲ. "ನನ್ನ ಯಾರ ಕೇಳ್ಯಾರವಾ?"

ಕಾಂತಾ ಗಿರಣಿಗೆ ಓಡಿದಳು. ಅಪ್ಪ ಬಸಯ್ಯ ಹಿಟ್ಟು ಬೀಸುತ್ತಿದ್ದ. ಹುಬ್ಬು, ಮೀಸೆ ಎಲ್ಲ ಬೆಳ್ಳಗಾಗಿದ್ದವು. ಮಷಿನ್ ಸದ್ದಿನಲ್ಲಿ ಅವಳು ಕೂಗಿ ಕೂಗಿ ಹೇಳಬೇಕಾಯಿತು.

"ಅಪ್ಪಾ, ನಾಗ್ಯಾನ್ನ ಕಳಸಬ್ಯಾಡ!"

ಅಪ್ಪ ಮಷಿನ್ ಬಂದ್ ಮಾಡಿದ. ಮೀಸೆಯ ಹಿಟ್ಟು ಒರೆಸಿಕೊಂಡ.

"ದೇವರಿಗೆ ಕೊಟ್ಟ ಮಾತದು. ನಾ ಮುರದೆ ಅಂತ ತಿಳಿ. ನಾಳೆ ಅವಂಗ ಏನರ ಆದ್ರ?" ಎಂದು ಮತ್ತೆ ಮಷಿನ್ ಚಾಲೂ ಮಾಡಿದ.

ಸೋಮವಾರ ಎಲ್ಲರೂ ಕೆಂಪು ಬಸ್ಸಿನಲ್ಲಿ ಹೊರಟರು. ನಾಗ್ಯಾ ಕಿಟಕಿ ಬಿಡಲಿಲ್ಲ. ಖಾನಾಪುರ ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸುವಾಗ, "ಅಕ್ಕಾ, ಮಠದಾಗ ಆನಿ ಐತೇನ?" ಎಂದು ಕೇಳಿದ.

"ಗೊತ್ತಿಲ್ಲೋ."

"ಇದ್ರ ನಾ ಹತ್ತತೀನಿ. ನೀ ಕೆಳಗ ನಿಂದರ."

ಮಠದಲ್ಲಿ ಆನೆ ಇರಲಿಲ್ಲ. ಬೇವಿನ ಗಿಡದ ಕೆಳಗೆ ನಾಗ್ಯಾನ ತಲೆ ಬೋಳಿಸಿದರು. ಅಂಗಿ ಚಡ್ಡಿ ಬಿಚ್ಚಿಸಿ ಕಾವಿ ಬಟ್ಟೆ ಸುತ್ತಿದರು. ಅದು ಉದ್ದವಾಗಿ ಕಾಲಿಗೆ ತೊಡಕುತ್ತಿತ್ತು. ಮುದುಕ ಸ್ವಾಮಿಗಳು ಅವನನ್ನು ಮಣೆಯ ಮೇಲೆ ಕೂಡಿಸಿ, "ಇನ್ನ ನಮಸ್ಕಾರ ಮಾಡ್ರಿ," ಎಂದರು.

ಎಲ್ಲರಿಗಿಂತ ಮೊದಲು ಆಯಿ ಬಾಗಿದಳು. ಅವಳ ಹಣೆ ಮೊಮ್ಮಗನ ಪುಟ್ಟ ಪಾದಕ್ಕೆ ತಾಗಿತು. ನಾಗ್ಯಾ ಕಿಲಕಿಲ ನಕ್ಕ.

"ಆಯಿ, ಕೆಳಗ ಏನ ಹುಡುಕಾಕತ್ತಿ?"

ಯಾರೂ ನಗಲಿಲ್ಲ. ಅಪ್ಪ ಬಾಗಿದ. ಅವ್ವ ಬಾಗಿದಳು, ಬೇಗ ಏಳಲಿಲ್ಲ. ಅಪ್ಪನೇ ಹಿಡಿದು ಎಬ್ಬಿಸಿದ.

ಕಾಂತಾ ಅಲ್ಲೇ ನಿಂತಿದ್ದಳು.

"ಬಾಗವಾ," ಎಂದ ಅಪ್ಪ.

"ಅವ ನನ್ನ ತಮ್ಮ," ಎಂದಳು ಕಾಂತಾ.

ಆಯಿ ಬೈಯುತ್ತಾಳೆ ಎಂದುಕೊಂಡಳು. ಆಯಿ ತಲೆಯನ್ನೇ ಎತ್ತಲಿಲ್ಲ. ಸ್ವಾಮಿಗಳು ಮೆಲ್ಲಗೆ, "ಇರ್ಲಿ ಬಿಡ್ರಿ," ಎಂದರು.

ಹೊರಡುವಾಗ, ತನ್ನನ್ನು ಬಿಟ್ಟು ಹೋಗುತ್ತಿದ್ದಾರೆ ಎಂದು ನಾಗ್ಯಾನಿಗೆ ಗೊತ್ತಾಯಿತು. ಕಾವಿ ಬಟ್ಟೆ ಎತ್ತಿ ಹಿಡಿದುಕೊಂಡು ಓಡಿ ಬಂದ. "ಅವ್ವಾ! ನಾನೂ ಬರತೀನಿ! ನನ್ನ ಅಂಗಿ ಕೊಡರಿ!" ಮಠದವರೊಬ್ಬರು ಅವನನ್ನು ಎತ್ತಿಕೊಂಡು ಒಳಗೆ ಹೋದರು. ಬಸ್ಸು ನಿಲ್ಲುವ ಜಾಗದವರೆಗೂ ಅವನ ಅಳು ಕೇಳುತ್ತಿತ್ತು. ಅಲ್ಲಿಗೆ ಅದು ಹೇಗೆ ಕೇಳೀತು? ಆದರೂ ಕಾಂತಾಳಿಗೆ ಕೇಳುತ್ತಿತ್ತು.

ಬಸ್ಸಿನಲ್ಲಿ ಅವ್ವ ಅಪ್ಪ ಮುಂದಿನ ಸೀಟಿನಲ್ಲಿ ಕುಳಿತರು. ಹಿಂದೆ ಆಯಿಯ ಪಕ್ಕದಲ್ಲಿ ಕಾಂತಾ.

"ಆಯಿ, ಖರೇ ಹೇಳ. ದೇವರ ನಿನ್ನ ಕೇಳಿದ್ನೋ, ನೀನ ಕೊಡತೀನಿ ಅಂದ್ಯೋ?"

ಆಯಿ ಕಿಟಕಿಯ ಹೊರಗೆ ನೋಡುತ್ತಲೇ ಇದ್ದಳು. ಕಬ್ಬಿನ ಹೊಲಗಳು ಹಿಂದೆ ಸರಿಯುತ್ತಿದ್ದವು.

"ಅವ ಏನೂ ಕೇಳಿರಲಿಲ್ಲ," ಎಂದಳು. "ಕೂಸಿನ ಮೈ ಕೆಂಡ ಆಗಿತ್ತು. ಬಾಯಿಗೆ ಬಂದದ್ದ ಅಂದ ಬಿಟ್ಟೆ."

"ಹಂಗಾರ ಹೊಳ್ಳಿ ಕರಕೊಂಡ ಬರೂಣು ಆಯಿ! ಈಗ ಇಳಿಯೂಣು!"

"ಕರಕೊಂಡ ಬಂದ ಮ್ಯಾಲ ಮತ್ತ ಆ ಜ್ವರ ಬಂದ್ರ?"

ಏಳಲು ಹೊರಟಿದ್ದ ಕಾಂತಾ ಮತ್ತೆ ಕುಳಿತಳು. ದೇವರು ಹಾಗೆ ಮಾಡುತ್ತಾನೆಯೇ? ಆಯಿಗೂ ಗೊತ್ತಿಲ್ಲ, ಅಪ್ಪನಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೇ ಅವರು ನಾಗ್ಯಾನನ್ನು ಬಿಟ್ಟು ಬಂದಿದ್ದರು. ದೊಡ್ಡವರಿಗೆ ಇಷ್ಟೊಂದು ಹೆದರಿಕೆ ಇರುತ್ತದೆ ಎಂದು ಅವಳು ತಿಳಿದಿರಲಿಲ್ಲ.

ಇನ್ನು ಮುಂದೆ ಆಯಿಯ ಸಂಗಡ ಮಾತೇ ಆಡಬಾರದು ಎಂದು ಮಠದ ಬಾಗಿಲಲ್ಲೇ ಅವಳು ನಿಶ್ಚಯ ಮಾಡಿದ್ದಳು. ಸಿಟ್ಟು ಇನ್ನೂ ಹೋಗಿರಲಿಲ್ಲ.

ಆಯಿಯ ಕೈ ಬಂದು ಅವಳ ಮೊಣಕಾಲ ಮೇಲೆ ಕುಳಿತಿತು. ಒಣಗಿದ, ಹಗುರವಾದ ಕೈ. ಕಾಂತಾ ಅದನ್ನು ಸರಿಸಲಿಲ್ಲ.