ಎರಡನೆಯ ಸೂಜಿ

"ಇನ್ನೊಂದು ತೊಟ್ಟು ರಕ್ತ ತೆಗೀಬೇಕಾದ್ರೆ ನನ್ನ ಹೆಣ ದಾಟ್ಕೊಂಡು ಹೋಗಿ!"

ಯಾಡ್ವಿಗಮ್ಮನ ಈ ಕೂಗಿಗೆ ಆಸ್ಪತ್ರೆಯ ಐದನೆಯ ಮಹಡಿ ನಡುಗಿತು. ಹೊರಗೆ ಮಿಷಿಗನ್ ಸರೋವರದ ಅಲೆಗಳು ಎರಡು ಹೆಜ್ಜೆ ಹಿಂದೆ ಸರಿದವು. ಸುಳ್ಳೆನಿಸಿದರೆ ಮಿಲ್ವಾಕಿಯ ದಕ್ಷಿಣ ಭಾಗದ ಯಾವ ಪೋಲಿಷ್ ಮನೆಯನ್ನಾದರೂ ಕೇಳಿ ನೋಡಿ. ಆಕೆಯ ದನಿಯನ್ನು ಮೀರಿಸಬಲ್ಲದ್ದು ನಮ್ಮ ಚರ್ಚಿನ ಗಂಟೆಯೊಂದೇ, ಅದೂ ಈಸ್ಟರ್ ದಿನ ಮಾತ್ರ!

ಹಾಸಿಗೆಯಲ್ಲಿ ಆಕೆಯ ಒಬ್ಬನೇ ಮಗ ರೋಮನ್ ಹೊಟ್ಟೆ ಹಿಡಿದು ಮುದುಡಿದ್ದ. ಪಿತ್ತಕೋಶದಿಂದ ಜಾರಿದ ಕಲ್ಲೊಂದು ದಾರಿ ಕಟ್ಟಿ, ಮೇದೋಜೀರಕ ಗ್ರಂಥಿ ಊದಿಕೊಂಡಿತ್ತು. ನಿನ್ನೆಯ ರಕ್ತಪರೀಕ್ಷೆ ಕಾಯಿಲೆಯ ಹೆಸರು ಹೇಳಿತ್ತು, ಅಷ್ಟೇ. ಅದು ತಾನಾಗಿ ಇಳಿಯುವುದೋ ಜೀವ ತೆಗೆಯುವುದೋ ಎಂಬುದು ಇವತ್ತಿನ ರಕ್ತವನ್ನು ನಿನ್ನೆಯದರ ಪಕ್ಕ ಇಟ್ಟು ನೋಡಿದರೆ ಮಾತ್ರ ತಿಳಿಯುತ್ತಿತ್ತು. ಇದನ್ನು ಸೊಸೆ ಲೋರೆಟ್ಟ ಬೆಳಗಿನಿಂದ ಕಡಿಮೆಯೆಂದರೂ ನಾನೂರು ಸಲ ಹೇಳಿದ್ದಳು.

"ಅತ್ತೆ, ಸಾಕಾಗಿ ಹೋಯ್ತು ನಂಗೆ! ಎರಡೇ ಎರಡು ಸಣ್ಣ ಶೀಶೆ!"

"ನಿನ್ನೆನೂ ಎರಡೇ ಅಂದ್ರಿ. ಅದನ್ನೆಲ್ಲಿ ಚೆಲ್ಲಿದ್ರಂತೆ? ನೋಡೇ ಅವನ ಮುಖಾನ, ಸುಣ್ಣ!"

"ಅಮ್ಮ ಹೇಳೋದೂ ಸರಿ... ಸಾಯಂಕಾಲ ನೋಡೋಣ ಬಿಡು," ಎಂದು ರೋಮನ್ ತೋಳನ್ನು ಹೊದಿಕೆಯೊಳಗೆ ಎಳೆದುಕೊಂಡ. ನಲವತ್ತೆರಡು ವರ್ಷದ ಗಂಡಸು! ತುಂಬಿದ ಬಿಯರ್ ಪೀಪಾಯಿಯನ್ನು ಹಸುಗೂಸಿನಂತೆ ಎತ್ತುವವನು, ಅಮ್ಮನ ಮುಂದೆ ಬೆಣ್ಣೆ!

ರೋಗಿ ಬೇಡವೆಂದ ಮೇಲೆ ನರ್ಸ್ ಏನು ಮಾಡಿಯಾಳು? ತಟ್ಟೆ ಎತ್ತಿಕೊಂಡು ಹೊರಟಳು. ಲೋರೆಟ್ಟ ಅವಳ ಹಿಂದೆಯೇ ಓಡಿ, ಕಾಡಿಬೇಡಿ ವಾಪಸು ಕರೆತರುವಷ್ಟರಲ್ಲಿ ಕೋಣೆಯ ತುಂಬ ಒಂದು ಹುಳಿಸಿಹಿ ವಾಸನೆ. ಅತ್ತೆಯ ಚೀಲದಿಂದ ಫ್ಲಾಸ್ಕ್ ಹೊರಬಂದಿತ್ತು. ಚರ್ನೀನ... ಬಾತುಕೋಳಿಯ ರಕ್ತದ ಸಾರು! ಚಮಚ ಮಗನ ತುಟಿಗೆ ತಾಗುವುದೊಂದೇ ಬಾಕಿ. ಲೋರೆಟ್ಟ ಹಾರಿ ಕಸಿದುಕೊಂಡಳು.

"ಬಾಯಿಗೇನೂ ಹಾಕ್ಬೇಡಿ ಅಂತ ಬಾಗಿಲ ಮೇಲೇ ಬರ್ದಿದಾರಲ್ಲ ಅತ್ತೆ!"

"ಹೋದ ರಕ್ತಕ್ಕೆ ರಕ್ತ ತುಂಬೋದು ಬೇಡ್ವಾ? ಹನ್ನೊಂದು ವರ್ಷದಿಂದ ನನ್ನ ಸಾರು ಮೂಸಿ ನೋಡದವಳು, ಈಗ ಮಗನ ಬಾಯಿಂದಲೂ ಕಿತ್ಕೋತೀಯಾ!"

"ಕಿತ್ಕೋತೀನಿ! ನೀವು ಮೂವತ್ತೈದಕ್ಕೇ ಗಂಡನ್ನ ಕಳ್ಕೊಂಡ್ರಿ. ನನಗೂ ಅದೇ ಗತಿ ಬರ್ಲಿ ಅಂತಾನಾ...?"

ಯಾಡ್ವಿಗಮ್ಮ ಬಾಯಿ ಮುಚ್ಚಿದಳು. ಅರ್ಧ ಶತಮಾನದಲ್ಲಿ ಇದೇ ಮೊದಲು! ನಂತರ ಹೊದಿಕೆ ಸರಿಸಿ, ಮಗನ ತೋಳನ್ನು ತಾನೇ ಹೊರಗೆಳೆದು ಒತ್ತಿ ಹಿಡಿದಳು. "ಚುಚ್ಚಮ್ಮ," ಎಂದಳು ನರ್ಸಿಗೆ, ಮುಖ ಆಚೆ ತಿರುಗಿಸಿ.

ಗಂಟೆಯೊಳಗೆ ಡಾಕ್ಟರ್ ಹಾಲ್ವರ್ಸನ್ ಬಂದಳು. "ಯೂರಿಯಾ ಏರಿದೆ. ರಕ್ತ ನಿನ್ನೆಗಿಂತ ಗಟ್ಟಿಯಾಗಿದೆ."

"ಗಟ್ಟಿ!" ಯಾಡ್ವಿಗಮ್ಮನ ಮುಖ ಅರಳಿತು. "ನೋಡಿದ್ರಾ, ನನ್ನ ಸಾರಿನ ವಾಸನೆಗೇ!"

"ಅಲ್ಲಮ್ಮ... ರಕ್ತದಲ್ಲಿರೋ ನೀರು ಸೋರಿ ಹೋಗ್ತಿದೆ, ಅದಕ್ಕೆ ಗಟ್ಟಿ. ಇದು ಸುಲಭಕ್ಕೆ ಬಿಡೋ ಕಾಯಿಲೆಯಲ್ಲ. ಈಗಲೇ ತೀವ್ರ ನಿಗಾ ಘಟಕಕ್ಕೆ ಒಯ್ತೀವಿ. ಸಾಯಂಕಾಲದವರೆಗೆ ಕಾದಿದ್ರೆ ಮೂತ್ರಪಿಂಡಗಳೂ ಕೈಕೊಡಬಹುದಿತ್ತು."

ಸಾಯಂಕಾಲ! ಯಾಡ್ವಿಗಮ್ಮ ಫ್ಲಾಸ್ಕಿನ ಮುಚ್ಚಳ ಬಿಗಿದು ಸೊಸೆಯ ಕೈಗಿಟ್ಟಳು.

ಮೂರು ದಿನ ಆಕೆ ಅನ್ನಾಹಾರ ಮುಟ್ಟಲಿಲ್ಲ. ನರ್ಸ್ ಎರಡು ನಿಮಿಷ ತಡಮಾಡಿದರೆ ಸಾಕು, "ಎಲ್ರೀ ಸೂಜಿ? ನಿದ್ದೆ ಮಾಡ್ತಿದೀರಾ?" ಎಂದು ಕಾರಿಡಾರಿನಲ್ಲಿ ಗುಡುಗುತ್ತಿದ್ದಳು. ಆ ಆಸ್ಪತ್ರೆಯ ಗಡಿಯಾರಗಳೆಲ್ಲ ಅಂದಿನಿಂದ ಎರಡು ನಿಮಿಷ ಮುಂದೆ ಓಡುತ್ತಿವೆ!

ನಾಲ್ಕನೆಯ ಬೆಳಿಗ್ಗೆ ಯೂರಿಯಾ ಇಳಿಯಿತು, ಗಂಡಾಂತರ ಕಳೆಯಿತು. ಲೋರೆಟ್ಟ ಫ್ರಿಜ್ಜಿನಲ್ಲಿ ಎತ್ತಿಟ್ಟಿದ್ದ ಆ ಸಾರನ್ನೇ ಬಿಸಿಮಾಡಿ ತಂದು ಅತ್ತೆಯ ಮುಂದೆ ಕುಳಿತಳು.

"ತಿನ್ನಿ ಅತ್ತೆ."

"ಅವನು ತಿನ್ನೋವರೆಗೂ ಇಲ್ಲ."

ಲೋರೆಟ್ಟ ಕಣ್ಣುಮುಚ್ಚಿ, ಮೊದಲ ಚಮಚವನ್ನು ತಾನೇ ನುಂಗಿದಳು. ಯಾಡ್ವಿಗಮ್ಮ ಉಸಿರು ಬಿಗಿಹಿಡಿದಳು.

"ಹೇಗಿದೆ...?"

"ಭಯಂಕರವಾಗಿದೆ ಅತ್ತೆ."

ಹಾಗೆಂದು ಎರಡನೆಯ ಚಮಚವನ್ನೂ ನುಂಗಿದಳು. ಮೂರನೆಯದಕ್ಕೆ ಮುದುಕಿ, ಅಳುತ್ತಲೇ, ಬಾಯಿ ತೆರೆದಳು.