ನೂರೊಂದನೆಯ ಗಂಟೆ

೧೯೭೩ರ ಫೆಬ್ರವರಿ ೧೫, ಗುರುವಾರ. ಬೆಳಿಗ್ಗೆ ಹನ್ನೊಂದೂ ಕಾಲು ಗಂಟೆಗೆ ಬೆಂಗಳೂರು ಸಮೀಪದ ವಿಜಯಪುರ ಪೊಲೀಸ್ ಠಾಣೆಗೆ ಪಿಳ್ಳಮ್ಮ ಎಂಬ ಹೆಂಗಸು ಬರಿಗಾಲಲ್ಲಿ ಓಡಿಬಂದಳು. ರೇಷ್ಮೆ ನೂಲು ಬಿಚ್ಚುವ ಕೆಲಸದವಳು. ಬಿಸಿನೀರಿನಲ್ಲಿ ಗೂಡು ಆಡಿಸಿ ಆಡಿಸಿ ಅವಳ ಬೆರಳ ತುದಿಗಳು ಬಿಳಚಿಕೊಂಡಿದ್ದವು.

"ನನ್ ಮಗಂಗೆ ಮದ್ದು ಹಾಕವ್ರೆ ಸಾಮಿ. ಹೊಟ್ಟೆಕಿಚ್ಚಿಗೆ ಹಾಕವ್ರೆ."

ಅವಳ ಮಗ ಯಾರೆಂದು ಸಬ್ ಇನ್ಸ್‌ಪೆಕ್ಟರ್ ನರಸಿಂಹಯ್ಯನವರು ಕೇಳಬೇಕಾಗಿರಲಿಲ್ಲ. ಹದಿನಾರು ವರ್ಷದ ಸಂಜೀವಪ್ಪ ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಸಂತೆ ಮೈದಾನದಲ್ಲಿ ಸೈಕಲ್ ಹತ್ತಿದ್ದ. ಕಾಲು ನೆಲಕ್ಕೆ ತಾಗಿಸದೆ, ಊಟ, ಸ್ನಾನ ಎಲ್ಲವನ್ನೂ ಸೈಕಲ್ ಮೇಲೆಯೇ ಮುಗಿಸಿ, ನೂರೊಂದು ಗಂಟೆ ತುಳಿಯುವುದು ಪಣ. ಊರೆಲ್ಲ ಅಲ್ಲೇ ನೆರೆದಿತ್ತು. ಇವತ್ತು ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಅವನು ಸೈಕಲ್ ಸಮೇತ ಬಿದ್ದು, ಕೈಕಾಲು ಸೆಡೆದುಕೊಂಡು, ಪ್ರಜ್ಞೆ ತಪ್ಪಿದ್ದ. ರೇಷ್ಮೆ ವ್ಯಾಪಾರಿಯೊಬ್ಬರ ಕಾರಿನಲ್ಲಿ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಸಾಗಿಸಿದ್ದರು. ಜೊತೆಗೆ ಕಾನ್ಸ್‌ಟೇಬಲ್ ಪಾಪಯ್ಯ ಹೋಗಿದ್ದ. ಪಿಳ್ಳಮ್ಮ ಕೆಲಸ ಬಿಟ್ಟು ಮೈದಾನ ಮುಟ್ಟುವಷ್ಟರಲ್ಲಿ ಕಾರು ಹೊರಟುಹೋಗಿತ್ತು.

ಮೈಕಿಗೂ ಮೈದಾನಕ್ಕೂ ಪರವಾನಗಿ ಕೊಟ್ಟವರು ನರಸಿಂಹಯ್ಯನವರೇ. ಬುಧವಾರ ಸಂಜೆ ಹುಡುಗನಿಗೆ ಒಂದು ಲೋಟ ಬಾದಾಮಿ ಹಾಲನ್ನೂ ಕೊಟ್ಟಿದ್ದರು. ದೂರು ಬರೆದುಕೊಳ್ಳುವಾಗ ಆ ಲೋಟ ಅವರ ಮನಸ್ಸಿನಿಂದ ಹೋಗಲಿಲ್ಲ. 'ಯಾರೋ ವಿಷಪದಾರ್ಥ ಕೊಟ್ಟಿರುವ ಅನುಮಾನ' ಎಂದು ಬರೆದರು. 'ಹೊಟ್ಟೆಕಿಚ್ಚು' ಎಂಬ ಮಾತು ಎಫ್.ಐ.ಆರ್.ಗೆ ಸರಿಹೋಗದು ಎನ್ನಿಸಿ ಬಿಟ್ಟುಬಿಟ್ಟರು. ಭಾರತ ದಂಡ ಸಂಹಿತೆ ೩೨೮ನೇ ಕಲಮಿನ ಮೇರೆಗೆ ಮೊಕದ್ದಮೆ ದಾಖಲಾಯಿತು.

"ಯಾರ ಮೇಲೆ ಅನುಮಾನ?"

"ಪಕ್ಕದ್ಮನೆ ವರಲಕ್ಷ್ಮಮ್ಮ. ಅವಳ ಮಗನೂ ಸೈಕಲ್ ಹೊಡೀತೀನಿ ಅಂತ ಹೋಗಿ ಎರಡೇ ದಿನಕ್ಕೆ ಇಳ್ದ. ಅವತ್ತಿಂದ ನನ್ ಮುಖ ನೋಡಲ್ಲ."

ನರಸಿಂಹಯ್ಯನವರು ಅವಳನ್ನು ಬೆಂಗಳೂರು ಬಸ್ಸಿಗೆ ಹತ್ತಿಸಿ ಮೈದಾನಕ್ಕೆ ಹೋದರು. ಇಬ್ಬರು ಪಂಚರ ಮುಂದೆ ಪಂಚನಾಮೆ ಆಯಿತು. ಸೈಕಲ್, ಒಂದು ಒದ್ದೆ ಟವೆಲ್, ಏಳು ಲೋಟ, ಖಾಲಿ ಎಳನೀರು ಬುರುಡೆಗಳು. ಯಾವುದನ್ನು ಯಾರು ಕೊಟ್ಟರೆಂದು ಗುರುತು ಹಚ್ಚುವಂತಿರಲಿಲ್ಲ.

ಹನ್ನೆರಡೂವರೆಗೆ ಪಾಪಯ್ಯನಿಂದ ಟ್ರಂಕ್ ಕಾಲ್ ಬಂತು.

"ಸಾರ್, ಜ್ವರ ನೂರಾ ಆರು. ನಾಡಿ ಎಣಿಸಕ್ಕೇ ಆಗ್ತಿಲ್ವಂತೆ. ಏನು ನುಂಗಿದಾನೆ ಅಂತ ಡಾಕ್ಟ್ರು ಕೇಳ್ತಾವ್ರೆ. ಗೊತ್ತಿಲ್ದೆ ಔಷಧ ಕೊಟ್ರೆ ಅದೇ ಕೊಂದ್ರೂ ಕೊಲ್ತದಂತೆ."

"ಎಷ್ಟು ಹೊತ್ತಿದೆ?"

"ಸಾಯಂಕಾಲದ ಮಾತು ಆಡ್ಬೇಡಿ ಅಂದ್ರು ಸಾರ್."

ನರಸಿಂಹಯ್ಯನವರು ಹೆಡ್ ಕಾನ್ಸ್‌ಟೇಬಲ್ ಜವರಪ್ಪನೊಂದಿಗೆ ವರಲಕ್ಷ್ಮಮ್ಮನ ಮನೆಗೆ ನಡೆದರು. ಅವಳು ಜಗಲಿಯ ಮೇಲೆ ಹುರುಳಿಕಾಯಿ ಮುರಿಯುತ್ತಿದ್ದಳು. ಎದ್ದು ನಿಂತಳೇ ಹೊರತು ಹೆದರಲಿಲ್ಲ.

"ಹುಡುಗನಿಗೆ ಏನಾದರೂ ಕೊಟ್ಟಿದ್ದೀಯಾ?"

"ಮೂರು ಸಲ ರಾಗಿ ಗಂಜಿ ಕೊಟ್ಟಿದೀನಿ. ಯಾಕೆ, ನಾನೇ ಮದ್ದು ಹಾಕ್ದೆ ಅಂದ್ಲಾ ಪಿಳ್ಳಿ?"

"ಯಾರು ಹೇಳಿದರೆಂದು ನಿನಗೆ ಬೇಡ. ಕೇಳಿದ್ದಕ್ಕೆ ಉತ್ತರ ಹೇಳು."

"ಇನ್ನೇನ್ ಹೇಳ್ಲಿ? ಹೊಟ್ಟೆ ಉರೀತು, ಸುಳ್ಳಲ್ಲ. ಅದಕ್ಕೇ ಗಂಜಿ ಕೊಟ್ಟಾಗೆಲ್ಲ ಪಾಷಣ್ಣನ ಕೈಲಿ ಮೈಕಲ್ಲಿ ಹೆಸರು ಕೂಗಿಸ್ದೆ. ನನ್ ದೊಡ್ಡಸ್ತಿಕೆನೂ ಊರಿಗೆ ಗೊತ್ತಾಗ್ಲಿ ಅಂತ. ಮದ್ದು ಹಾಕೋರು ಯಾರಾದ್ರೂ ಹೆಸರು ಕೂಗಿಸ್ಕಂತಾರಾ ಸಾರ್?"

ಜವರಪ್ಪ ನಗು ತಡೆದುಕೊಂಡ. ನರಸಿಂಹಯ್ಯನವರು ನಗಲಿಲ್ಲ. ಹತ್ತು ಹೆಜ್ಜೆ ಹೋದ ಮೇಲೆ ಬೀದಿಯಲ್ಲೇ ನಿಂತರು. ಮೈದಾನಕ್ಕೆ ಬಂದು ಏನು ಕೊಟ್ಟವರೂ, ಒಂದು ಬಾಳೆಹಣ್ಣು ಕೊಟ್ಟವರೂ, ಹೆಸರು ಕೂಗಿಸದೆ ಹೋಗಿರಲಿಲ್ಲ. ಬಾದಾಮಿ ಹಾಲು ಕೊಟ್ಟಾಗ ನರಸಿಂಹಯ್ಯನವರ ಹೆಸರನ್ನೂ ಕೂಗಿದ್ದರು. ಕೇಳಿ ಅವರಿಗೂ ಸಂತೋಷವಾಗಿತ್ತು.

ಮೈಕಿನ ಮುನಾವರ್ ಪಾಷಾ ಮಸೀದಿ ರಸ್ತೆಯ ತನ್ನ ರೇಡಿಯೋ ರಿಪೇರಿ ಅಂಗಡಿಯಲ್ಲಿ ಸಿಕ್ಕಿದ. ನಾಲ್ಕು ದಿನ ಕೂಗಿ ಗಂಟಲು ಕಟ್ಟಿಹೋಗಿತ್ತು.

"ಹೆಸರು ಕೂಗಿಸದೆ ಕೊಟ್ಟವರು ಯಾರಾದರೂ ಇದ್ದಾರಾ?"

ಪಾಷಾ ಯೋಚಿಸಿದ. "ಒಬ್ರೇ ಸಾರ್. ನಮ್ ಆವಲಪ್ಪಣ್ಣ. ಕೂಗ್ತೀನಿ ಅಂದ್ರೆ ಬೇಡಪ್ಪಾ ಬೇಡ ಅಂದ್ರು. ಎಂಥ ದೊಡ್ಡ ಮನಸ್ಸು ಅಂದ್ಕೊಂಡೆ."

"ಏನು ಕೊಡುತ್ತಿದ್ದ?"

"ಮುಖ ಒರೆಸ್ವಾಗ ಬಾಯಿಗೆ ಲವಂಗ ಹಾಕೋರು. ಬೆಳಿಗ್ಗೆ ಒಂಬತ್ತೂವರೆಗೆ ಒಂದು ಎಳನೀರು. ಆಮೇಲೆ ಹುಡ್ಗ ಎಂಗೆ ತುಳ್ದ ಅಂದ್ರೆ, ಜನ ಶಿಳ್ಳೆ ಹೊಡೆದ್ರು. ನಾನೂ ಕೂಗ್ದೆ ಸಾರ್, ಹುಲಿ ಹುಲಿ ಅಂತ." ಅವನು ತಲೆ ತಗ್ಗಿಸಿದ. "ಅದು ಹುಲಿ ಅಲ್ಲ, ಅಲ್ವಾ?"

ಆವಲಪ್ಪನದು ಬಸ್ ನಿಲ್ದಾಣದ ಎದುರು ಸೈಕಲ್ ಅಂಗಡಿ. ಹನ್ನೊಂದು ವರ್ಷದ ಹಿಂದೆ, ೧೯೬೨ರಲ್ಲಿ, ಅದೇ ಮೈದಾನದಲ್ಲಿ ನೂರೊಂದು ಗಂಟೆ ತುಳಿದವನು ಅವನೇ. ಸಂಜೀವಪ್ಪನಿಗೆ ಸೈಕಲ್ ಕಲಿಸಿದವನೂ ಅವನೇ. ನೇರವಾಗಿ ಹೋಗಿ ಕೇಳಿದರೆ ಲವಂಗ ಎನ್ನುತ್ತಾನೆ, ಅಷ್ಟರಲ್ಲಿ ಹುಡುಗ ಹೋಗಿಬಿಡುತ್ತಾನೆ. ಊರಲ್ಲಿದ್ದದ್ದು ಒಂದೇ ಔಷಧದ ಅಂಗಡಿ. ಮೊದಲು ಅಲ್ಲಿಗೆ ಹೋದರು. ಎರಡು ಗಂಟೆ ಹತ್ತು ನಿಮಿಷವಾಗಿತ್ತು.

ಅಂಗಡಿಯ ಅನೀಸ್ ಅಹಮದ್ ರಿಜಿಸ್ಟರ್ ತೆಗೆದ.

"ಆವಲಪ್ಪ ಇಲ್ಲಿಂದ ಏನು ಒಯ್ಯುತ್ತಾನೆ?"

"ಅವರಿಗಲ್ಲ ಸಾರ್, ಅವರ ತಾಯಿಗೆ. ದ್ಯಾವಮ್ಮ ಅಂತ. ಕೂತಲ್ಲೇ ನಿದ್ದೆ ಹೋಗೋ ಕಾಯಿಲೆ. ನಿದ್ದೆ ಬರದಂಗೆ ಮಾತ್ರೆ, ಡೆಕ್ಸಾಂಫೆಟಮಿನ್. ಬೆಂಗಳೂರು ಡಾಕ್ಟರ ಚೀಟಿ ಇದೆ. ಹಳೇ ಚೀಟಿ, ಮಡಿಸಿ ಮಡಿಸಿ ಹರಿದುಹೋಗಿ, ನಾನೇ ಅಂಟು ಹಾಕಿಕೊಟ್ಟೆ."

ಜವರಪ್ಪ ಅಧಿಕಾರಿಯ ಮುಖ ನೋಡಿದ. "ಸಾರ್, ದ್ಯಾವಮ್ಮ ಸತ್ತು ಎರಡು ವರ್ಷ ಆಯ್ತು. ತಿಥಿ ಊಟಕ್ಕೆ ನಾನೇ ಹೋಗಿದ್ದೆ."

ಅನೀಸ್ ಅಹಮದನ ಬೆರಳು ರಿಜಿಸ್ಟರಿನ ಮೇಲೇ ನಿಂತಿತು. ಅದರ ಪ್ರಕಾರ ತಿಂಗಳಿಗೊಮ್ಮೆ ಹೋಗುತ್ತಿದ್ದ ಮಾತ್ರೆ ಡಿಸೆಂಬರಿನಿಂದ ವಾರಕ್ಕೊಮ್ಮೆ ಹೋಗಿತ್ತು.

"ಕೇಳಲಿಲ್ಲವೇನ್ರಿ?"

"ಗೊತ್ತಿರೋ ಚೀಟಿ ಸಾರ್. ಗೊತ್ತಿರೋ ಮನುಷ್ಯ."

"ನಿಮ್ಮ ವಿಚಾರ ಆಮೇಲೆ. ಮಾತ್ರೆಯ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಡಿ."

ಎರಡು ಗಂಟೆ ಮೂವತ್ತೈದಕ್ಕೆ ಹತ್ತಿರದ ಅಂಚೆ ಕಚೇರಿಯಿಂದ ಆಸ್ಪತ್ರೆಗೆ ಕಾಲ್ ಸಿಕ್ಕಿತು. ನರಸಿಂಹಯ್ಯನವರು ಆ ಹೆಸರನ್ನು ಅಕ್ಷರ ಅಕ್ಷರವಾಗಿ ಮೂರು ಸಲ ಹೇಳಿದರು. ಆ ಕಡೆಯಿಂದ ಡಾಕ್ಟರು ಒಂದೇ ಪ್ರಶ್ನೆ ಕೇಳಿದರು: ಎಷ್ಟು ಮಾತ್ರೆ?

ಸೈಕಲ್ ಅಂಗಡಿಯಲ್ಲಿ ಆವಲಪ್ಪ ಒಂದು ಚಕ್ರದ ಕಡ್ಡಿಗಳನ್ನು ಬಿಗಿಯುತ್ತಿದ್ದ. ನಲವತ್ತರ ವಯಸ್ಸು, ಒಣಗಿದ ಮೈ. ಅವನ ತಲೆಯ ಮೇಲೆ ಗೋಡೆಯಲ್ಲಿ ಒಂದು ತಗಡಿನ ಫಲಕ: '೧೦೧ ಗಂಟೆ'. ಅದಕ್ಕೆ ಅವತ್ತಿನದೇ ಕನಕಾಂಬರದ ಮಾಲೆ.

"ಎಳನೀರಲ್ಲಿ ಎಷ್ಟು ಹಾಕಿದೆ?"

"ಏನು ಸಾರ್?"

"ನಿಮ್ಮ ತಾಯಿಯ ಮಾತ್ರೆ. ಎಷ್ಟು?"

ಚಕ್ರ ತಿರುಗುತ್ತಲೇ ಇತ್ತು. ಆವಲಪ್ಪ ಅದನ್ನು ಕೈಯಿಂದ ನಿಲ್ಲಿಸಿದ.

"ಹತ್ತು," ಎಂದ. "ಪುಡಿ ಮಾಡಿ."

ಜವರಪ್ಪ ಅಂಚೆ ಕಚೇರಿಗೆ ಓಡಿದ.

ಅಂಗಡಿಯ ಶೋಧದಲ್ಲಿ ಮಾತ್ರೆಯ ಶೀಶೆ, ದ್ಯಾವಮ್ಮನ ಹೆಸರಿನ ಚೀಟಿ, ಪುಡಿ ಅಂಟಿದ ಪುಟ್ಟ ಕಲ್ಲು ಸಿಕ್ಕವು. ಪಂಚನಾಮೆ ಬರೆಯುತ್ತಿದ್ದಂತೆ ಆವಲಪ್ಪ ಕೇಳದೆಯೇ ಮಾತಾಡಿದ.

"ಮೊದಲು ಕೊಟ್ಟಿದ್ದು ಒಳ್ಳೇದಕ್ಕೇ ಸಾರ್. ಡಿಸೆಂಬರಲ್ಲಿ, ಪ್ರಾಕ್ಟೀಸ್ ಮಾಡ್ವಾಗ. ಅರ್ಧ ಮಾತ್ರೆ. ಆಮೇಲೆ ಅವನೇ ಬಂದು ಕೇಳೋನು. ಕೊಡ್ದೇ ಇದ್ರೆ ಕೈ ನಡುಗೋದು, ಸಿಟ್ಟು ಮಾಡೋನು, ಊಟ ಬಿಟ್ಟ. ಪರೀಕ್ಷೆಗೆ ಓದ್ಬೇಕು ಅಂತ ಇನ್ನೂ ಮೂವರು ಹುಡುಗ್ರನ್ನ ಕರ್ಕೊಂಡು ಬಂದ."

"ಮೂವರ ಹೆಸರೂ ಹೇಳು." ಹೇಳಿದ. ನರಸಿಂಹಯ್ಯನವರು ಬರೆದುಕೊಂಡರು. ಆ ಮೂರು ಮನೆಗೆ ತಾವೇ ಹೋಗಬೇಕೆಂದುಕೊಂಡರು.

"ಇವತ್ತು ಯಾಕೆ ಹತ್ತು?"

ಆವಲಪ್ಪ ತಲೆಯೆತ್ತಿ ಗೋಡೆಯ ಫಲಕ ನೋಡಿದ.

"ತೊಂಬತ್ತು ಗಂಟೆ ದಾಟಿದ ಮೇಲೆ ಪಾಷಾ ಮೈಕಲ್ಲಿ ಒಂದೇ ಸಮ ಕೂಗ್ತಿದ್ದ. ಆವಲಪ್ಪನ ದಾಖಲೆ ಇನ್ನು ಐದು ಗಂಟೆ, ಇನ್ನು ನಾಲ್ಕು ಗಂಟೆ, ಅಂತ. ಸಾಯೋರಿಗೆ ಎಣಿಸ್ದಂಗೆ. ಜನ ಚಪ್ಪಾಳೆ ಹೊಡೀತಿದ್ರು. ಅವತ್ತು ನನ್ನ ಹೆಗಲ ಮೇಲೆ ಹೊತ್ತಿದ್ದೋರೇ ಸಾರ್, ಅವರೇ. ನಾನು ಟವೆಲ್ ಹಿಡ್ಕೊಂಡು ಅಲ್ಲೇ ನಿಂತಿದೀನಿ, ಒಬ್ರೂ ತಿರುಗಿ ನೋಡ್ಲಿಲ್ಲ."

"ನೀನು ಅವತ್ತು ತುಳಿದದ್ದು?"

"ಇದನ್ನೇ ತಿಂದು," ಎಂದು ಗದ್ದದಿಂದ ಶೀಶೆಯ ಕಡೆ ತೋರಿಸಿದ.

ಬೇಡಿ ಹಾಕುವಾಗ ಅವನು ತಾನೇ ಕೈ ಚಾಚಿದ. ಆದರೆ ನರಸಿಂಹಯ್ಯನವರು ಆ ಫಲಕವನ್ನೂ ಇಳಿಸಲು ಹೇಳಿದಾಗ ಗೋಡೆಗೆ ಬೆನ್ನು ಕೊಟ್ಟು ನಿಂತುಬಿಟ್ಟ.

"ಅದ್ಯಾಕೆ ಸಾರ್? ಅದು ಈ ಕೇಸಿಗೆ ಸೇರಿದ್ದಲ್ಲ."

"ಸೇರಿದ್ದೇ," ಎಂದರು ನರಸಿಂಹಯ್ಯನವರು.

ಅವನನ್ನು ಪಕ್ಕಕ್ಕೆ ಸರಿಸಲು ಇಬ್ಬರು ಬೇಕಾದರು.

ಸಂಜೆ ಐದೂ ಹತ್ತಕ್ಕೆ ಠಾಣೆಗೆ ಪಾಪಯ್ಯನ ಫೋನು ಬಂತು. ಜ್ವರ ಇಳಿದಿತ್ತು. ಜೀವಕ್ಕೆ ಭಯವಿಲ್ಲ, ಹೃದಯದ ಮಾತು ಈಗಲೇ ಹೇಳಲಾಗದು ಎಂದಿದ್ದರು ಡಾಕ್ಟರು. ಹುಡುಗ ಕಣ್ಣು ಬಿಟ್ಟಿದ್ದ. ಎದುರಿಗಿದ್ದ ತಾಯಿಯ ಗುರುತು ಹತ್ತಿರಲಿಲ್ಲ.

"ಏನಾದರೂ ಮಾತಾಡಿದನಾ?"

"ಒಂದೇ ಮಾತು ಸಾರ್. 'ಆವಲಪ್ಪಣ್ಣಾ, ನಿದ್ದೆ ಬರ್ತೈತೆ, ಇನ್ನೊಂದು ಕೊಡಣ್ಣ' ಅಂದ."

ನರಸಿಂಹಯ್ಯನವರು ಲಾಕಪ್ಪಿನ ಮುಂದೆ ನಿಂತು ಅದನ್ನು ಹಾಗೆಯೇ ಹೇಳಿದರು. ಆವಲಪ್ಪ ಕಂಬಿ ಹಿಡಿದು ಕೇಳಿಸಿಕೊಂಡ. ಆಮೇಲೆ ಕೇಳಿದ:

"ಎಷ್ಟು ಗಂಟೆಗೆ ಬಿದ್ದ ಅಂತ ಬರ್ಕೊಂಡಿದೀರ ಸಾರ್?"

"ಹತ್ತು ಇಪ್ಪತ್ತು."

"ನೂರೊಂದಕ್ಕೆ ಇನ್ನು ನಲವತ್ತು ನಿಮಿಷ ಇತ್ತು," ಎಂದು ಹೋಗಿ ಮೂಲೆಯಲ್ಲಿ ಕೂತ.

ನರಸಿಂಹಯ್ಯನವರು ಮೇಜಿಗೆ ಬಂದು ಕೇಸ್ ಡೈರಿ ತೆರೆದರು. ವಶಪಡಿಸಿಕೊಂಡ ಫಲಕ ಅಲ್ಲೇ ಇತ್ತು, ಮಾಲೆ ಬಾಡಿತ್ತು. ಕಾರಣ ಬರೆಯಬೇಕಾದಲ್ಲಿ ಲೇಖನಿ ನಿಂತಿತು. ಪಿಳ್ಳಮ್ಮ ಹೇಳಿದ್ದರಲ್ಲಿ ತಪ್ಪಾಗಿದ್ದುದು ಹೆಸರು ಮಾತ್ರ. ಬೆಳಿಗ್ಗೆ ಬಿಟ್ಟಿದ್ದ ಅವಳ ಮಾತನ್ನು ಅವರು ಈಗ ಅವಳು ಆಡಿದಂತೆಯೇ ಬರೆದರು: ಹೊಟ್ಟೆಕಿಚ್ಚು.

ಆಮೇಲೆ ಟೋಪಿ ಇಟ್ಟುಕೊಂಡು, ಆ ಮೂವರು ಹುಡುಗರ ಮನೆ ಹುಡುಕಿಕೊಂಡು ಹೊರಟರು.